ಗೊಂಡೋಲಾ ಪಾಸು ಮತ್ತು ಅತ್ತೆಯವರ ಸಾವಿರ ಮೆಟ್ಟಿಲು

ನಮ್ಮ ಮನೆಯಲ್ಲಿ ಸಣ್ಣದಾಗಿ ಶುರುವಾದ ವಿಷಯ ಸಣ್ಣದಾಗಿಯೇ ಮುಗಿದದ್ದು ನನಗೆ ನೆನಪಿಲ್ಲ. ಕಿಟಕಿಗೆ ಪರದೆ ತರಲು ಹೋಗಿ ಸೋಫಾ ಬದಲಾಯಿಸಿಕೊಂಡು ಬಂದವರು ನಾವು. ಹಾಗಾಗಿ "ಬೆಟ್ಟಕ್ಕೆ ಹೋಗೋಕೆ ಗೊಂಡೋಲಾ ಪಾಸು ತಗೊಳ್ಳೋಣವಾ ಬೇಡವಾ" ಎಂಬ ಒಂದೇ ಪ್ರಶ್ನೆಯಿಂದ ಇಡೀ ಬೇಸಿಗೆ ಏನೇನೋ ಆಗಿಹೋಯಿತು ಅಂದರೆ ನಮ್ಮನ್ನು ಬಲ್ಲವರು ಯಾರೂ ಹುಬ್ಬೇರಿಸುವುದಿಲ್ಲ.

ನಾವಿರುವುದು ಕಡಲಾಚೆಯ ಮಾರಿಸ್‌ವಿಲ್ ಎಂಬ ಊರಿನಲ್ಲಿ. ಬೆಳಿಗ್ಗೆ ಎದ್ದು ಪಶ್ಚಿಮಕ್ಕೆ ಮೂರೂವರೆ ಗಂಟೆ ಡ್ರೈವ್ ಮಾಡಿದರೆ ನೀಲಿ ಬೆಟ್ಟಗಳು ಒಂದರ ಹಿಂದೊಂದು ಏಳುತ್ತವೆ. ದೂರದಿಂದ ನೋಡಿದರೆ ಯಾವುದು ಬೆಟ್ಟ, ಯಾವುದು ಮೋಡ ಎಂದು ಗೊತ್ತಾಗುವುದಿಲ್ಲ. ಅದರಲ್ಲೊಂದು ಬೆಟ್ಟಕ್ಕೆ, ಚಳಿಗಾಲದಲ್ಲಿ ಹಿಮದ ಮೇಲೆ ಜಾರುವವರಿಗೆಂದು ಗೊಂಡೋಲಾ ಹಾಕಿದ್ದಾರೆ. ಉಕ್ಕಿನ ಹಗ್ಗಕ್ಕೆ ನೇತುಹಾಕಿದ ಗಾಜಿನ ಡಬ್ಬಿಗಳು. ಬೇಸಿಗೆಯಲ್ಲಿ ಹಿಮವಿಲ್ಲದ್ದರಿಂದ ಅವು ನಡೆಯುವವರನ್ನು ಹತ್ತಿಸಿಕೊಂಡು ಓಡಾಡುತ್ತವೆ. ಒಂದು ದಿನದ ಟಿಕೆಟ್ಟೂ ಸಿಗುತ್ತದೆ, ಇಡೀ ಸೀಸನ್ನಿನ ಪಾಸೂ ಸಿಗುತ್ತದೆ.

೧. ನಡೆಯೋಕೆ ಹೋಗುವವರಿಗೆ ಕೂರುವ ಪಾಸು

ನನಗೆ ಆ ಪಾಸು ಬೇಕಿತ್ತು. ಯಾಕೆಂದರೆ ನಾನು ಹುಟ್ಟಾ ಕೂರುವವನು. ಕಿಟಕಿಯ ಪಕ್ಕ ಒಂದು ಜಾಗ, ಹೊರಗೆ ಏನಾದರೂ ನಿಧಾನವಾಗಿ ಚಲಿಸುತ್ತಿದ್ದರೆ ನನಗೆ ಊಟವೂ ನೆನಪಾಗುವುದಿಲ್ಲ. ನನ್ನ ಹೆಂಡತಿ ಇದಕ್ಕೆ ತದ್ವಿರುದ್ಧ. ಪಕ್ಕದ ರಾಲಿ ನಗರದ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಕೂತವರನ್ನು ಏಳಿಸುವುದೇ ಅವಳ ವೃತ್ತಿ. ಮನೆಗೆ ಬಂದ ಮೇಲೂ ಅದನ್ನೇ ಮುಂದುವರಿಸುತ್ತಾಳೆ.

"ರೀ, ನಾವು ಹೋಗ್ತಿರೋದು ಹೈಕಿಂಗ್‌ಗೆ. ಹೈಕಿಂಗ್ ಅಂದ್ರೆ ನಡೆಯೋದು. ನಡೆಯೋಕೆ ಕೂರೋ ಪಾಸ್ ಯಾಕೆ?"

"ಮೇಲಕ್ಕೆ ಹೋಗಿ ನಡೆಯೋಣ ಅಂತ."

"ಮೇಲಕ್ಕೆ ಹೋದ್ಮೇಲೆ ನಡೆಯೋಕೆ ಏನು ಉಳಿದಿರತ್ತೆ?"

"ಮೋಡ ಇರತ್ತೆ" ಅಂದೆ. ಅವಳು ನನ್ನ ಮುಖವನ್ನು ಒಮ್ಮೆ ನೋಡಿ, ರಾಗಿ ಹಿಟ್ಟಿನ ಡಬ್ಬದ ಮುಚ್ಚಳವನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ತಿರುಗಿಸಿದಳು.

ಮೂರನೆಯವರ ಅಭಿಪ್ರಾಯ ಕೇಳೋಣ ಎಂದು ಭಾನುವಾರ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ಸಿಕ್ಕ ಡಾಕ್ಟರ್ ಮುಂದೆ ವಿಷಯ ಇಟ್ಟೆ. ಅವರು ವಿಜಯಪುರದ ಕಡೆಯವರು, ಹೃದಯದ ಡಾಕ್ಟರು. ಹತ್ತನೇ ಮಹಡಿಗೂ ಲಿಫ್ಟ್ ಹತ್ತುವುದಿಲ್ಲ, ಹತ್ತಿದವರನ್ನು ಕ್ಷಮಿಸುವುದೂ ಇಲ್ಲ. ಪುಳಿಯೋಗರೆಯ ತಟ್ಟೆ ಹಿಡಿದುಕೊಂಡೇ ತೀರ್ಪು ಕೊಟ್ಟರು.

"ಗುಡ್ಡ ಹತ್ತಾಕ ರೊಕ್ಕ ಕೊಡೂದೇನ್ರಿ? ನಾವ್ ಸಣ್ಣಾವ್ರಿದ್ದಾಗ ಗುಡ್ಡ ಹತ್ತಿದ್ರ ನಮ್ಮಪ್ಪ ಬಡಿಗಿ ತಗೊಂಡು ಬೆನ್ನ ಹತ್ತಿ ಬರ್ತಿದ್ದ. ಹಂಗ ಓಡಿ ಮ್ಯಾಲ ಹೋಗ್ತಿದ್ವಿ. ಎಲ್ಲಾ ಪುಕ್ಕಟೆ!"

೨. ಹೆಬ್ಬೆರಳು

ಪಾಸಿನ ಮಾತು ಅಲ್ಲಿಗೆ ಸತ್ತೇ ಹೋಗುತ್ತಿತ್ತೇನೋ. ಅಷ್ಟರಲ್ಲಿ ಮೈಸೂರಿನಿಂದ ಅತ್ತೆಯವರು ಬಂದರು. ಆರು ತಿಂಗಳಿಗೆ ಬಂದವರು, ಅಕ್ಟೋಬರ್ ಕೊನೆಗೆ ವಾಪಸು. ಎಪ್ಪತ್ತೆರಡು ವಯಸ್ಸು, ಒಂದು ಮಂಡಿ ಆಪರೇಷನ್ ಆದದ್ದು, ಇನ್ನೊಂದು ಆಗಬೇಕಾದದ್ದು. ಅಳಿಯನ ಬಗ್ಗೆ ಅವರ ಅಭಿಪ್ರಾಯ ಇಪ್ಪತ್ತೈದು ವರ್ಷದಿಂದ ಬದಲಾಗಿಲ್ಲ: "ಒಳ್ಳೆಯವರು. ಆದ್ರೆ ಕೂತ್ರೆ ಏಳಲ್ಲ."

ಬಂದ ಮೂರನೇ ದಿನ, ಹೆಂಡತಿ ಕೆಲಸಕ್ಕೆ ಹೋದ ಮೇಲೆ, ಅತ್ತೆಯವರು ನನ್ನನ್ನು ಅಡುಗೆಮನೆಗೆ ಕರೆದರು.

"ಅಳಿಯಂದ್ರೇ, ಒಂದು ಹರಕೆ ಬಾಕಿ ಇದೆ. ಯಾರಿಗೆ ಅಂತ ಇವಳಿಗೆ ಹೇಳ್ಬೇಡಿ. ತೀರೋವರೆಗೆ ಹೇಳಬಾರದು."

ನನಗೆ ಅರ್ಥವಾಯಿತು. ೨೦೨೦ರಲ್ಲಿ ನನ್ನ ಹೆಂಡತಿ ತಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಕೋವಿಡ್ಡಿನಿಂದ ಹನ್ನೊಂದು ದಿನ ಮಲಗಿದ್ದಳು. ನನಗೂ ಅದೇ ಕಾಯಿಲೆ ಬಂದಿತ್ತು, ಆದರೆ ಬರೀ ಕೆಮ್ಮು. ನಾನು ಮನೆಯಲ್ಲಿ ಒಂದು ಕೋಣೆಯಲ್ಲಿ ಕೂತು ದಿನಕ್ಕೆರಡು ಸಲ ಮೈಸೂರಿಗೆ ಫೋನ್ ಮಾಡುತ್ತಿದ್ದೆ. ಏನು ಹೇಳಬೇಕೋ ತಿಳಿಯದೆ ಇಬ್ಬರೂ ಸುಮ್ಮನೆ ಫೋನು ಹಿಡಿದುಕೊಂಡು ಇರುತ್ತಿದ್ದೆವು. ಅಂಥದ್ದೊಂದು ದಿನ ಅತ್ತೆಯವರು ಚಾಮುಂಡಿಬೆಟ್ಟದ ಕಡೆ ತಿರುಗಿ ಕೈಮುಗಿದಿದ್ದರಂತೆ: ಮಗಳು ಎದ್ದು ಬಂದರೆ ಸಾವಿರ ಮೆಟ್ಟಿಲು ಹತ್ತಿ, ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತೇನೆ. ಮಗಳು ಎದ್ದು ಬಂದಳು. ಹರಕೆ ತೀರಿಸುವ ಹೊತ್ತಿಗೆ ಅತ್ತೆಯವರ ಮಂಡಿ ಕೂತುಬಿಟ್ಟಿತು.

"ಅಲ್ಲಿ ಡಾಕ್ಟರು ಬೆಟ್ಟದ ಹತ್ರ ಹೋಗ್ಲೇಬೇಡಿ ಅಂದ್ರು. ಮುಂದಿನ ಸಲ ಬರೋ ಹೊತ್ತಿಗೆ ನನ್ನ ಕೈಲಿ ಏನಾಗತ್ತೋ ಗೊತ್ತಿಲ್ಲ. ಇಲ್ಲೇ ಯಾವ್ದಾದ್ರೂ ಬೆಟ್ಟದಲ್ಲಿ ತೀರಿಸಿಬಿಡ್ತೀನಿ. ಚಾಮುಂಡಿಯಮ್ಮ ಇಲ್ಲಿಲ್ವಾ? ಇಲ್ಲದೇ ಇದ್ರೆ ಅವಳನ್ನ ಉಳಿಸಿದ್ದು ಯಾರು?"

ಆದರೂ ಇನ್ನೊಂದು ದೇಶದ ಬೆಟ್ಟ ನಡೆಯುತ್ತದೆಯೇ ಎಂದು ಪುರೋಹಿತರನ್ನು ಕೇಳುವುದು ಒಳ್ಳೆಯದು ಅಂದೆ. ಅತ್ತೆಯವರು ಆಗಲೇ ಕೇಳಿದ್ದರು. ವಾಟ್ಸಾಪಿನಲ್ಲಿ ಒಂದೂವರೆ ಪುಟ ಬರೆದು ಕಳಿಸಿದ್ದರು. ಪುರೋಹಿತರು ಉತ್ತರವಾಗಿ ಒಂದು ಹೆಬ್ಬೆರಳು ಕಳಿಸಿದ್ದರು.

"ಇದು ಒಪ್ಪಿಗೇನಾ ಅತ್ತೆ, ಇಲ್ಲಾ ಮೆಸೇಜ್ ತಲುಪಿತು ಅಂತಾನಾ?"

"ಅದನ್ನ ಕೇಳಿದ್ದಕ್ಕೆ ಇನ್ನೊಂದು ಹೆಬ್ಬೆರಳು ಕಳಿಸಿದ್ರು" ಅಂದರು. "ಎರಡು ಸಲ ಒಪ್ಪಿದ ಹಾಗಾಯ್ತು."

೩. ಗಾಳಿಯಲ್ಲಿ ಹೋಗುವ ಬಸ್ಸು

ಹರಕೆ ಯಾರಿಗೆಂದು ಹೇಳದೆ, ಹರಕೆಯೊಂದಿದೆ ಎಂದು ಮಾತ್ರ ಹೆಂಡತಿಗೆ ಹೇಳಿದೆವು. ಅವಳು ಅಮ್ಮನ ಮಂಡಿಯನ್ನು ಎಲ್ಲ ದಿಕ್ಕಿನಿಂದಲೂ ಒತ್ತಿ ನೋಡಿ ಷರತ್ತು ಹಾಕಿದಳು. "ಸಾವಿರ ಮೆಟ್ಟಿಲು ಒಂದೇ ದಿನ ಆಗಲ್ಲಮ್ಮ. ಒಂದು ಸಲಕ್ಕೆ ನೂರು. ಹತ್ತು ಸಲ ಹೋಗೋಣ."

"ಕಂತಿನ ಹರಕೆ" ಅಂದೆ ನಾನು. ಇಬ್ಬರೂ ನಗಲಿಲ್ಲ. ಆದರೆ ಹತ್ತು ಸಲ ಅಂದಕೂಡಲೇ ನನ್ನ ಸತ್ತ ಪಾಸಿಗೆ ಜೀವ ಬಂತು.

ಆ ಬೆಟ್ಟದ ಕೆಳಗಿನರ್ಧ ಬರೀ ಕಾಡಿನ ಕಾಲುದಾರಿ, ಒಂದೂ ಮೆಟ್ಟಿಲಿಲ್ಲ. ಗೊಂಡೋಲಾ ಅರ್ಧದಲ್ಲೊಂದು ಕಡೆ ನಿಲ್ಲುತ್ತದೆ. ಅಲ್ಲಿಂದ ತುದಿಯವರೆಗೆ ಮರದ ದಿಮ್ಮಿ, ಕಲ್ಲು ಹೂಳಿ ಮಾಡಿದ ಮೆಟ್ಟಿಲುಗಳು. ಮಧ್ಯೆ ಮಧ್ಯೆ ಒಂದು ಮಣ್ಣಿನ ಜೀಪ್ ರಸ್ತೆ ಸುತ್ತಿ ಸುತ್ತಿ ಬಂದು ಮೆಟ್ಟಿಲನ್ನು ದಾಟಿ ಹೋಗುತ್ತದೆ. ಹಿಂದಿನ ಸಲ ಎಲ್ಲಿಗೆ ನಿಲ್ಲಿಸಿದ್ದೆವೋ ಅಲ್ಲಿಗೆ ಆ ರಸ್ತೆಯಲ್ಲಿ ಮೆಲ್ಲಗೆ ನಡೆದುಹೋಗಿ ಮುಂದಿನ ನೂರು ಹತ್ತಬಹುದು. ಎಲ್ಲ ಕೂಡಿ ಬಂದಿತ್ತು, ಅತ್ತೆಯವರು ಗೊಂಡೋಲಾ ಹತ್ತಲು ಒಪ್ಪಬೇಕಿತ್ತು ಅಷ್ಟೇ. ಅವರು ಒಪ್ಪಲಿಲ್ಲ.

"ಕೂತು ಹೋದ್ರೆ ಪುಣ್ಯ ಬರಲ್ಲ."

ನಾನು ಜೀವನದಲ್ಲಿ ಗೆದ್ದ ಒಂದೇ ಒಂದು ವಾದ ಇದು, ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ. "ಅತ್ತೆ, ಮೈಸೂರಲ್ಲಿ ಮನೆಯಿಂದ ಬೆಟ್ಟದ ಪಾದದವರೆಗೆ ಹೇಗೆ ಹೋಗ್ತಿದ್ರಿ?"

"ಸಿಟಿ ಬಸ್ಸಲ್ಲಿ."

"ಅದಕ್ಕೆ ಪುಣ್ಯ ಕಡಿಮೆ ಆಯ್ತಾ?"

"ಇಲ್ಲ. ಮೆಟ್ಟಿಲಿಂದ ತಾನೇ ಲೆಕ್ಕ."

"ಇಲ್ಲೂ ಮೆಟ್ಟಿಲು ಶುರುವಾಗೋದು ಅರ್ಧದಲ್ಲಿ. ಅಲ್ಲೀತನಕ ಇದು ಸಿಟಿ ಬಸ್ಸು. ಗಾಳಿಯಲ್ಲಿ ಹೋಗತ್ತೆ, ಅಷ್ಟೇ ವ್ಯತ್ಯಾಸ."

ಅತ್ತೆಯವರು ಹೂಂಗುಟ್ಟಿದರು. ಮೂರು ಪಾಸು ತೆಗೆದುಕೊಂಡೆ.

ಮೊದಲ ಶನಿವಾರ ಡಬ್ಬಿ ನೆಲ ಬಿಟ್ಟಿತು. ಕಾಲ ಕೆಳಗೆ ಓಕ್ ಮರಗಳ ನೆತ್ತಿ. ಮೇಲಿನಿಂದ ಮರವನ್ನು ನೋಡಿದ್ದು ಅದೇ ಮೊದಲು, ಹಸಿರು ಹತ್ತಿಯ ಮೇಲೆ ತೇಲಿದಂತಿತ್ತು. ಸ್ವಲ್ಪ ಮೇಲೆ ಹೋದದ್ದೇ ಮೋಡ ಬಂದು ಗಾಜಿಗೆ ಅಂಟಿಕೊಂಡಿತು. ಕೆಳಗಿಲ್ಲ, ಮೇಲಿಲ್ಲ, ಹಿಂದೆ ಬರುವ ಡಬ್ಬಿಯೂ ಇಲ್ಲ, ಹಗ್ಗದ ಸಣ್ಣ ಗುಂಯ್ ಸದ್ದು ಮಾತ್ರ. ನಾನು ಸತ್ತ ಮೇಲೆ ಹೀಗಿದ್ದರೆ ತಕರಾರಿಲ್ಲ ಅನ್ನಿಸಿತು. ಆ ಸುಖದಲ್ಲಿ ಎಷ್ಟು ಹೊತ್ತು ಇದ್ದೆನೋ, ಕಣ್ಣು ತೆರೆದರೆ ಅತ್ತೆಯವರು ನಡುವೆ ಕಂಬಿ ಹಿಡಿದು ನಿಂತಿದ್ದರು.

"ಅತ್ತೆ, ಸೀಟು ಖಾಲಿ ಇದೆಯಲ್ಲ, ಕೂತ್ಕೊಳ್ಳಿ."

"ಬಸ್ಸು ಅಂದ್ರಿ, ಒಪ್ಪಿದೆ. ಕೂತು ಹೋದ್ರೆ ಸ್ವಲ್ಪನಾದ್ರೂ ಕಮ್ಮಿಯಾಗತ್ತೆ. ನಿಂತೇ ಬರ್ತೀನಿ."

ಹೀಗೆ ನಾನು ಹೋರಾಡಿ ಕೊಂಡ ಕೂರುವ ಪಾಸಿನಲ್ಲಿ ಅತ್ತೆಯವರು ಆ ಬೇಸಿಗೆ ಪೂರ್ತಿ ನಿಂತುಕೊಂಡೇ ಓಡಾಡಿದರು. ಅವರು ನಿಂತರೆಂದು ಹೆಂಡತಿಯೂ ನಿಂತಳು. ಇಬ್ಬರು ಹೆಂಗಸರು ನಿಂತಿರುವಾಗ ಕೂರುವುದು ಸರಿಯಲ್ಲ ಎಂದು ನಾನೂ ನಿಂತೆ.

೪. ಬೆಟ್ಟದ ಮೂರನೇ ಬಣ್ಣ

ಕ್ರಮ ಹೀಗಿತ್ತು. ಅತ್ತೆಯವರು ಬಗ್ಗಿ ಮೆಟ್ಟಿಲಿಗೆ ಅರಿಶಿನ ಹಚ್ಚಿ, ಅದರ ಮೇಲೆ ಕುಂಕುಮದ ಬೊಟ್ಟಿಟ್ಟು, ಎಣಿಸಿ, ಏರುವುದು. ಹೆಂಡತಿ ತೋಳು ಹಿಡಿದುಕೊಳ್ಳುವುದು. ನಾನು ಕುಂಕುಮದ ಭರಣಿ ಹಿಡಿದು ಬಾಯಿ ಮುಚ್ಚಿಕೊಂಡಿರುವುದು. ಎರಡನೇ ಸಲ ನಾನು "ಆಹಾ, ಎಂಥ ಗಾಳಿ" ಅಂದದ್ದಕ್ಕೆ ಲೆಕ್ಕ ತಪ್ಪಿ ಹದಿನೇಳು ಮೆಟ್ಟಿಲು ಹಿಂದಕ್ಕೆ ಹೋಗಬೇಕಾಯಿತು. ಕಾಡಿನ ಮಬ್ಬು ಬೆಳಕಿನಲ್ಲಿ ಕೆಂಪು ಬೊಟ್ಟುಗಳ ಸಾಲು ಮೇಲಕ್ಕೆ ಹೋಗಿ ಮಂಜಿನಲ್ಲಿ ಕರಗುವುದನ್ನು ನೋಡುತ್ತ ನಾನು ಮುಂದೆ ಬಾಯಿ ಬಿಡುವುದನ್ನೇ ಮರೆತೆ.

ನಾಲ್ಕನೇ ಸಲ ಹೋದಾಗ ಮೆಟ್ಟಿಲ ಬಳಿ ಬಿಳಿ ಗಡ್ಡದ ಒಬ್ಬ ಅಜ್ಜ ಕಾಯುತ್ತಿದ್ದರು. ಅಲ್ಲಿನ ದಾರಿಗಳನ್ನು ನೋಡಿಕೊಳ್ಳುವವರು, ಕೈಯಲ್ಲಿ ಗುದ್ದಲಿ.

"ಈ ಬೆಟ್ಟದಲ್ಲಿ ಮರಗಳಿಗೆ ನೀಲಿ ಗುರುತು ಹಾಕಿದ ದಾರಿ ಒಂದಿದೆ, ಹಳದಿಯದ್ದು ಒಂದಿದೆ" ಅಂದರು. "ಕೆಂಪು ದಾರಿಯನ್ನು ಶುರು ಮಾಡಿದವರು ಯಾರು ಅಂತ ತಿಳಿದುಕೊಳ್ಳಬೇಕಿತ್ತು."

ಆದದ್ದೇನೆಂದರೆ, ಹಿಂದಿನ ಸಲ ನಿಲ್ಲಿಸಿದ ಜಾಗ ಮರೆತುಹೋಗದಿರಲಿ ಎಂದು ಅತ್ತೆಯವರು ಜೀಪ್ ರಸ್ತೆಯ ಕಲ್ಲುಗಳಿಗೂ, ಅರ್ಧದ ನಿಲ್ದಾಣದವರೆಗೆ, ಒಂದೊಂದು ಬೊಟ್ಟಿಟ್ಟಿದ್ದರು. ಮಳೆ ಬಂದರೆ ತೊಳೆದುಹೋಗುತ್ತಿತ್ತು. ಆ ಎರಡು ವಾರ ಮಳೆ ಬರಲಿಲ್ಲ.

"ತುದಿಗೆ ಹೋಗಬೇಕಾದವರು ಕೆಂಪು ಗುರುತು ಹಿಡಿದು ಅರ್ಧದ ನಿಲ್ದಾಣಕ್ಕೆ ಬರುತ್ತಿದ್ದಾರೆ. ಇದೇ ತುದಿ ಅಂದುಕೊಂಡು, ಫೋಟೋ ತೆಗೆದುಕೊಂಡು, ಅಂದುಕೊಂಡಷ್ಟು ಕಷ್ಟವಿರಲಿಲ್ಲ ಅಂತ ಗೊಂಡೋಲಾದಲ್ಲಿ ಇಳಿದು ಹೋಗುತ್ತಿದ್ದಾರೆ."

ಹೆಂಡತಿಯ ಮುಖ ಕುಂಕುಮಕ್ಕಿಂತ ಕೆಂಪಾಯಿತು. ಕ್ಷಮೆ ಕೇಳಿ, ಇದು ನಮ್ಮ ಕಡೆಯ ಹರಕೆ, ಹತ್ತಿಸಿದ ಮೆಟ್ಟಿಲಿಗೆ ಹೇಳುವ ಕೃತಜ್ಞತೆ ಎಂದೆಲ್ಲ ವಿವರಿಸಿದಳು. ಇಲ್ಲಿಗೆ ನಿಲ್ಲಿಸಿ ಅನ್ನುತ್ತಾರೆ ಎಂದು ನನಗೆ ಭಯವಾಗಿತ್ತು. ನಿಂತಿದ್ದರೆ ಮುನ್ನೂರಕ್ಕೇ ನಿಲ್ಲುತ್ತಿತ್ತು, ಅಕ್ಟೋಬರಿನಲ್ಲಿ ಅತ್ತೆಯವರು ಮಿಕ್ಕ ಏಳುನೂರನ್ನು ಹೊತ್ತುಕೊಂಡೇ ವಿಮಾನ ಹತ್ತಬೇಕಿತ್ತು.

ಅಜ್ಜ ಮೆಟ್ಟಿಲ ಕಡೆ ತಿರುಗಿದರು. "ಇವನ್ನು ಹೂಳಿದವನು ನಾನೇ. ಆಗ ನನ್ನ ಗಡ್ಡ ಕಪ್ಪಗಿತ್ತು. ಇಷ್ಟು ವರ್ಷ ಎಲ್ಲರೂ ತುಳಿದುಕೊಂಡು ಹೋದರು. ಮುಟ್ಟಿ ಕೈಮುಗಿದವರು ಇವರೊಬ್ಬರೇ" ಅಂದರು. ರಸ್ತೆಯ ಕಲ್ಲಿಗೆ ಮಾತ್ರ ಬೇಡ, ಮೆಟ್ಟಿಲಿಗೆ ಹಚ್ಚಿಕೊಳ್ಳಲಿ ಎಂದು ಒಪ್ಪಿಕೊಂಡರು.

ಮಗಳು ಇದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆಯವರ ಕಣ್ಣಲ್ಲಿ ನೀರು ಬಂತು. ಅಜ್ಜನನ್ನು ಕೈಸನ್ನೆಯಿಂದ ಬಗ್ಗಿಸಿ ಹಣೆಗೆ ದೊಡ್ಡದಾಗಿ ಕುಂಕುಮ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ ಎಚ್ಚರಿಸಿದರು: "ಅಳಿಯಂದ್ರೇ, ಇದನ್ನ ಲೆಕ್ಕಕ್ಕೆ ಹಿಡೀಬೇಡಿ."

೫. ಒಂದು ಕಡಿಮೆ

ಅತ್ತೆಯವರು ಹೊರಡುವ ಹಿಂದಿನ ಶನಿವಾರ ಕೊನೆಯ ಕಂತು. ಬೆಟ್ಟವೆಲ್ಲ ಕೆಂಪು, ಹಳದಿ ಎಲೆ. ಅತ್ತೆಯವರು ಅದನ್ನು ನೋಡಿ, "ನೋಡು, ನಾನು ಮೆಟ್ಟಿಲಿಗಿಟ್ಟೆ, ಆ ತಾಯಿ ಮರಕ್ಕೆಲ್ಲ ಇಟ್ಟುಕೊಂಡಳು" ಅಂದರು. ಏನಾದರೂ ಹೆಚ್ಚುಕಮ್ಮಿ ಆದರೆ ಇರಲಿ ಎಂದು ಹೆಂಡತಿ ಹೃದಯದ ಡಾಕ್ಟರನ್ನೂ ಕರೆದಿದ್ದಳು. ಅವರು ಡಬ್ಬಿಯೊಳಗೆ ಕಾಲಿಡುವುದಿಲ್ಲ ಎಂದು ಶಪಥ ಮಾಡಿ, ಬುಡದಿಂದಲೇ ನಡೆದು ಬರುತ್ತೇನೆ ಎಂದು ಕೋಲು ಬೀಸಿಕೊಂಡು ಕಾಡಿನಲ್ಲಿ ಮಾಯವಾಗಿದ್ದರು.

ಮಂಜು ದಟ್ಟವಾಗಿತ್ತು. ಒಂಬೈನೂರ ಎಂಬತ್ತಾರು, ಎಂಬತ್ತೇಳು, ಎಂಬತ್ತೆಂಟು. ಅಲ್ಲಿಗೆ ಮೆಟ್ಟಿಲು ಮುಗಿದೇಹೋಯಿತು. ಮುಂದೆ ಹುಲ್ಲು, ಹುಲ್ಲಿನಾಚೆ ಗೊಂಡೋಲಾದ ಮೇಲಿನ ನಿಲ್ದಾಣ.

ಬೇಸಿಗೆಯುದ್ದಕ್ಕೂ ಇಲ್ಲಿ ಒಟ್ಟು ಎಷ್ಟು ಮೆಟ್ಟಿಲಿವೆ ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ನಾನು ಓಡಿಹೋಗಿ ನೋಡಿ ಬಂದೆ. ನಿಲ್ದಾಣಕ್ಕೆ ಹತ್ತಲು ಕಬ್ಬಿಣದ ಮೆಟ್ಟಿಲುಗಳಿದ್ದವು. ಹನ್ನೊಂದು. ಒಂದೊಂದಕ್ಕೂ ಹಚ್ಚಿ ಹತ್ತಿದರು. ಒಂಬೈನೂರ ತೊಂಬತ್ತೊಂಬತ್ತು.

"ಒಂದು ಕಮ್ಮಿ" ಅಂದರು ಅತ್ತೆಯವರು. ಅಷ್ಟು ಸಣ್ಣ ದನಿಯನ್ನು ನಾನು ಅವರ ಬಾಯಲ್ಲಿ ಕೇಳಿರಲಿಲ್ಲ.

"ಅವತ್ತು ಅಜ್ಜನ ಹಣೆಗೆ ಇಟ್ರಲ್ಲ ಅತ್ತೆ, ಅದನ್ನ ಸೇರಿಸಿಕೊಂಡ್ರೆ..."

"ಹಣೆ ಮೆಟ್ಟಿಲಾ ಅಳಿಯಂದ್ರೇ?"

ನಮ್ಮ ಮುಂದೆ ಖಾಲಿ ಡಬ್ಬಿಗಳು ಬಾಗಿಲು ತೆರೆದುಕೊಂಡು ಮೆಲ್ಲಗೆ ತೆವಳುತ್ತ ಹೋಗುತ್ತಿದ್ದವು. ಅವುಗಳ ಬಾಗಿಲಲ್ಲಿ ಒಂದು ಸಣ್ಣ ಕಬ್ಬಿಣದ ಹೊಸ್ತಿಲು. ಹೆಂಡತಿಯೂ ನಾನೂ ಒಟ್ಟಿಗೆ ಅದನ್ನು ನೋಡಿದೆವು. ಅತ್ತೆಯವರು ಬಗ್ಗಿದರು, ಡಬ್ಬಿ ಮುಂದೆ ಹೋಯಿತು. ಇನ್ನೊಂದಕ್ಕೆ ಬಗ್ಗಿದರು, ಅದೂ ಹೋಯಿತು. ಆ ಮಂಡಿಯಲ್ಲಿ ಮೂರನೇ ಸಲ ಬಗ್ಗಲು ಅವರಿಂದ ಆಗುತ್ತಿರಲಿಲ್ಲ. ಆಗ ಎಲ್ಲಿಂದಲೋ ಗಡ್ಡದ ಅಜ್ಜ ಬಂದರು. ಯಂತ್ರ ನಡೆಸುವವನ ಕಿವಿಯಲ್ಲಿ ಏನೋ ಹೇಳಿದರು. ಅವನು ಅತ್ತೆಯವರನ್ನು ನೋಡಿ ಒಂದು ಗುಂಡಿ ಒತ್ತಿದ.

ಇಡೀ ಬೆಟ್ಟ ನಿಂತಿತು. ಹಗ್ಗದ ಸದ್ದು ನಿಂತಿತು. ಮಂಜಿನಲ್ಲಿ ಕೆಳತನಕ ಎಲ್ಲ ಡಬ್ಬಿಗಳೂ ಇದ್ದಲ್ಲೇ ತೂಗಿಕೊಂಡು ಕಾದವು. ಅತ್ತೆಯವರು ಮಗಳ ತೋಳು ಹಿಡಿದು ಬಗ್ಗಿ, ಹೊಸ್ತಿಲಿಗೆ ಅರಿಶಿನ ಹಚ್ಚಿ, ಕುಂಕುಮವಿಟ್ಟು, "ಸಾವಿರ" ಅಂದರು.

ನನ್ನ ಫೋನು ಹೊಡೆದುಕೊಂಡಿತು. ಡಾಕ್ಟರು.

"ಏನ್ರೀ ಇದು, ನಟ್ಟನಡು ತಂದು ನಿಂದರಿಸಿಬಿಟ್ಟಾರ! ಕೆಳಗ ನೋಡಿದ್ರ ಏನೂ ಕಾಣವಲ್ದು! ಅದಕ್ಕ ಹೇಳಿದ್ನಿ ಈ ಡಬ್ಬಿ ಬ್ಯಾಡಂತ!"

"ನೀವು ನಡೆದು ಬರ್ತಿದ್ರಲ್ಲ ಡಾಕ್ಟ್ರೇ?"

"ನಮ್ಮಪ್ಪ ಬೆನ್ನ ಹಿಂದ ಇಲ್ಲಲ್ರೀ ಈಗ" ಅಂದರು.

ಇಳಿಯುವಾಗ ಆ ಬೊಟ್ಟಿಟ್ಟ ಡಬ್ಬಿಯಲ್ಲೇ ನಾವು ಮೂವರು. ಅತ್ತೆಯವರು ಮೊದಲ ಸಲ ಕೂತರು, ಉಸ್ಸೆಂದು ಹಿಂದಕ್ಕೊರಗಿ. ಹೆಂಡತಿ ಕೇಳಿದಳು, "ಈಗಾದ್ರೂ ಹೇಳಮ್ಮ. ಯಾರಿಗೆ ಹೊತ್ಕೊಂಡಿದ್ದೆ?"

"ಇನ್ಯಾರಿಗೆ? ನಿನಗೆ. ಆ ವರ್ಷ ಹನ್ನೊಂದು ದಿನ ಮಲಗಿದ್ದೆಯಲ್ಲ, ಆಗ."

ಅವಳು ಅಮ್ಮನ ಕಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ಮಂಡಿ ನೀವತೊಡಗಿದಳು, ಅಳುತ್ತಲೇ. ವಾತಾವರಣ ತಿಳಿಯಾಗಲಿ ಎಂದು ನಾನು ಅಂದೆ, "ಆ ವಾರ ನನಗೂ ಬಂದಿತ್ತು ಅತ್ತೆ."

"ಗೊತ್ತು. ನಿಮಗೂ ಹೊತ್ಕೊಂಡಿದ್ದೀನಿ."

ಇಪ್ಪತ್ತೈದು ವರ್ಷದಲ್ಲಿ ಅತ್ತೆಯವರು ನನಗೆ ಹೇಳಿದ ಅತಿ ಒಳ್ಳೆಯ ಮಾತು ಅದು. "ಎಷ್ಟು ಮೆಟ್ಟಿಲು ಅತ್ತೆ?"

"ಐನೂರು."

"ಮಗಳಿಗೆ ಸಾವಿರ, ಅಳಿಯನಿಗೆ ಐನೂರಾ?"

"ನಿಮಗೆ ಬರೀ ಕೆಮ್ಮು ತಾನೇ."

ಅದೂ ನ್ಯಾಯವೇ. ಆದರೂ ಆ ಮಂಡಿ ನೋಡಿ ನನಗೆ ಸಂಕಟವಾಯಿತು. "ಬೇಡ ಅತ್ತೆ, ನನಗೋಸ್ಕರ ಈ ಕಾಲಲ್ಲಿ ಇನ್ನೂ ಐನೂರು ಹತ್ತಬೇಡಿ."

"ನಾನ್ಯಾಕೆ ಹತ್ತಲಿ?" ಅತ್ತೆಯವರು ಕಣ್ಣು ತೆರೆದರು. "ನೀವೇ ಹತ್ತುತ್ತೀರಿ ಅಂತ ಹೊತ್ಕೊಂಡಿರೋದು."

ಅಳುತ್ತಿದ್ದ ಹೆಂಡತಿ ಮುಖ ಮುಚ್ಚಿಕೊಂಡು ನಗತೊಡಗಿದಳು. ನಾನು ಕಿಟಕಿಯ ಆಚೆ ಮಂಜಿನಿಂದ ಒಂದೊಂದಾಗಿ ಮೇಲೇರುತ್ತಿದ್ದ ಡಬ್ಬಿಗಳನ್ನು ಕೊನೆಯ ಬಾರಿ ಎಂಬಂತೆ ನೋಡಿದೆ.

"ಹಾಗಾದ್ರೆ ಮುಂದಿನ ಸಲ ನೀವು ಬಂದಾಗ ಪಾಸು ಬೇಡ ಅನ್ನಿ."

"ಬೇಡ ಯಾಕೆ? ನನ್ನದೊಂದು ಮಾಡಿಸಿ" ಅಂದರು ಅತ್ತೆಯವರು, ಕಾಲು ಚಾಚಿ ಇನ್ನಷ್ಟು ಆರಾಮಾಗಿ ಕೂರುತ್ತ. "ನಾನು ಮೇಲೆ ಕೂತ್ಕೊಂಡು ಎಣಿಸ್ತಿರ್ತೀನಿ."